ಆ ಶೀಟ್ ನಾನು ಫಾರ್ವರ್ಡ್ ಮಾಡಬಾರದಿತ್ತು

ಶುಕ್ರವಾರ ಸಂಜೆ ನಾಲ್ಕು ದಾಟಿತ್ತು. ನಮ್ಮ ಹೋಟೆಲ್‌ನಲ್ಲಿ ಸ್ಟಾಫ್ ವಿಚಾರ ನೋಡಿಕೊಳ್ಳುವವಳು ನಾನು. ಶನಿವಾರ ದೊಡ್ಡ ಬ್ಯಾಂಕ್ವೆಟ್, ಸೋಮವಾರ ಫುಡ್ ಸೇಫ್ಟಿ ಆಡಿಟ್. ಕಿಚನ್ ಸ್ಟಾಫ್‌ನ ಮೆಡಿಕಲ್ ಫಿಟ್‌ನೆಸ್ ಫೈಲ್ ಇನ್ನೂ ರೆಡಿ ಇರಲಿಲ್ಲ. ಬೆಳಿಗ್ಗೆಯಿಂದ ಲ್ಯಾಬ್‌ಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಕೊನೆಗೂ ಮೇಲ್ ಬಂತು. 64 ಜನರ ರಿಪೋರ್ಟ್, ಎಲ್ಲ ಒಂದೇ ಎಕ್ಸೆಲ್ ಶೀಟ್‌ನಲ್ಲಿ.

ಸ್ಕ್ರೋಲ್ ಮಾಡುತ್ತಾ ಹೋದೆ. ಒಂದು ಸೆಲ್‌ಗೆ ಕೆಂಪು ಬಣ್ಣ ಹಚ್ಚಿದ್ದರು. ಗಾರ್ಡ್‌ಮಾಂಜೆಯ, ಅಂದರೆ ಸಲಾಡ್, ತಣ್ಣನೆಯ ತಿನಿಸು ಮಾಡುವ ಸೆಕ್ಷನ್‌ನ, ಕಮಿ ಟು, ಒಬ್ಬ ಜೂನಿಯರ್ ಅಡುಗೆಯವನು. ಕಾಲಂ ಮೇಲೆ ಎಚ್‌ಐವಿ ಅಂತಿತ್ತು.

ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವನ ಕೈಯಲ್ಲಿರುವ ಚಾಕು. ದಿನವಿಡೀ ಹಣ್ಣು, ತರಕಾರಿ ಹೆಚ್ಚುತ್ತಾನೆ, ಬೆರಳು ಕುಯ್ದುಕೊಂಡರೆ ಏನು ಗತಿ? ಈ ಟೆಸ್ಟ್ ಮಾಡಿಸಿದ್ದು ಯಾಕೆ, ಅವನನ್ನು ಯಾರಾದರೂ ಕೇಳಿದ್ದಾರಾ ಅನ್ನುವ ಪ್ರಶ್ನೆ ತಲೆಗೆ ಬರಲೇ ಇಲ್ಲ. ಲ್ಯಾಬ್‌ನ ಆ ಟೆಸ್ಟ್ ಪ್ಯಾಕೇಜ್‌ಗೆ ಸಹಿ ಹಾಕಿದ್ದು ನಾನೇ. ಅದರಲ್ಲಿ ಏನೇನಿದೆ ಅಂತ ಓದಿರಲಿಲ್ಲ. ರೇಟ್ ಕಮ್ಮಿ ಇತ್ತು, ಸಹಿ ಹಾಕಿದೆ.

ಶೀಟ್ ಹಾಗೇ ಇಡೀದಾಗಿ ಎಕ್ಸಿಕ್ಯೂಟಿವ್ ಶೆಫ್‌ಗೂ ಜನರಲ್ ಮ್ಯಾನೇಜರ್‌ಗೂ (ಜಿಎಂ) ಫಾರ್ವರ್ಡ್ ಮಾಡಿದೆ. 'ಏನು ಮಾಡೋಣ ತಿಳಿಸಿ' ಅಂತ ಒಂದು ಸಾಲು ಬರೆದೆ. ಐದು ನಿಮಿಷದಲ್ಲಿ ಶೆಫ್ ಫೋನ್ ಬಂತು. 'ಅವನನ್ನು ಈಗಲೇ ಕಿಚನ್‌ನಿಂದ ತೆಗೀರಿ. ಆಡಿಟ್ ಮುಗಿಯೋವರೆಗೂ ನನಗೆ ತಲೆನೋವು ಬೇಡ.' ಜಿಎಂ ಇನ್ನೂ ಚುಟುಕಾಗಿ ಮುಗಿಸಿದರು: 'ಫುಲ್ ಆಂಡ್ ಫೈನಲ್ ಮಾಡಿ ಕಳಿಸಿಬಿಡಿ.' ಅಂದರೆ ಲೆಕ್ಕ ಚುಕ್ತಾ ಮಾಡಿ ಕೆಲಸದಿಂದ ತೆಗೆಯಿರಿ ಅಂತ.

ಹುಡುಗನನ್ನು ಕ್ಯಾಬಿನ್‌ಗೆ ಕರೆಸಿದೆ. ಮರುದಿನದ ಮೀಸಾನ್‌ಪ್ಲಾಸ್, ಅಂದರೆ ಅಡುಗೆಯ ಪೂರ್ವತಯಾರಿ, ನಡುವೆ ಎದ್ದು ಬಂದಿದ್ದ. ಏಪ್ರನ್‌ಗೆ ಕೈ ಒರೆಸಿಕೊಂಡು ಬಾಗಿಲಲ್ಲೇ ನಿಂತ. ಕುಳಿತುಕೋ ಅಂದೆ, ಕುಳಿತುಕೊಳ್ಳಲಿಲ್ಲ. 'ರಿಪೋರ್ಟ್ ಬಂದಿದೆ' ಅಂದೆ. ಅಷ್ಟಕ್ಕೇ ಅವನಿಗೆ ಗೊತ್ತಾಯಿತು. ಮುಖದಲ್ಲಿ ಆಶ್ಚರ್ಯ ಇರಲಿಲ್ಲ, ಸುಸ್ತು ಇತ್ತು.

'ಮೇಡಂ, ಮೂರು ವರ್ಷದಿಂದ ಗುಳಿಗೆ ತಗೋತಿದೀನಿ. ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಕೊಡ್ತಾರೆ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಟೆಸ್ಟ್‌ನಲ್ಲಿ ಕಾಣಿಸ್ತಾ ಇಲ್ಲ ಅಂತ ಡಾಕ್ಟರ್ ಹೇಳಿದಾರೆ. ಅಡುಗೆಯಿಂದ ಯಾರಿಗೂ ಬರಲ್ಲ.' ನಾನು ಟೇಬಲ್ ಮೇಲಿನ ಪೆನ್ ತಿರುಗಿಸುತ್ತಾ ಕೂತಿದ್ದೆ. ಗಡಿಯಾರ ನೋಡಿದೆ. ಐದು ಗಂಟೆಗೆ ಬ್ಯಾಂಕ್ವೆಟ್ ಬ್ರೀಫಿಂಗ್ ಇತ್ತು.

ಆಮೇಲೆ ಅವನು ಕೇಳಿದ: 'ಯಾರ್ಯಾರಿಗೆ ಗೊತ್ತು ಮೇಡಂ?'

'ನನಗೆ ಮಾತ್ರ' ಅಂದೆ.

ಇದನ್ನು ಬರೆಯುವಾಗ ಈಗಲೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ. ಲಾಕರ್ ಖಾಲಿ ಮಾಡಿ ಹೋಗು, ಸೋಮವಾರ ಮಾತಾಡೋಣ ಅಂದೆ. ಅವನು ಲಾಕರ್ ರೂಮ್ ತಲುಪುವ ಮೊದಲೇ ಸುದ್ದಿ ಸ್ಟಾಫ್ ಕ್ಯಾಫೆಟೇರಿಯಾ ತಲುಪಿತ್ತು.

ರಾತ್ರಿ ನಮ್ಮ ಲೇಬರ್ ಲಾ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. ಸೆಟಲ್‌ಮೆಂಟ್ ಲೆಟರ್ ಹೇಗೆ ಬರೆಯಬೇಕು ಅಂತ ಕೇಳುವುದಕ್ಕೆ. ಅವರು ಕೇಳಿದ್ದು ಒಂದೇ: 'ಆ ಟೆಸ್ಟ್‌ಗೆ ಹುಡುಗನ ಒಪ್ಪಿಗೆ ಎಲ್ಲಿದೆ?' ಇರಲಿಲ್ಲ. ರಕ್ತ ಕೊಟ್ಟ ದಿನ ಹಾಜರಿಗೆ ಅಂತ ಹಾಕಿಸಿದ ಸಹಿ ಇತ್ತು, ಅಷ್ಟೇ.

ಆಮೇಲೆ ಅವರು ಒಂದೊಂದೇ ಹೇಳುತ್ತಾ ಹೋದರು. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರದ್ದು, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕೆಲಸಕ್ಕೆ ಸೇರಿಸಲು ಎಚ್‌ಐವಿ ಟೆಸ್ಟ್ ಕೇಳುವ ಹಾಗಿಲ್ಲ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಟೆಸ್ಟ್ ಮಾಡಿಸುವ ಹಾಗಿಲ್ಲ. ಪಾಸಿಟಿವ್ ಅಂತ ಕೆಲಸದಿಂದ ತೆಗೆಯಬೇಕಾದರೆ, ಇವನಿಂದ ಬೇರೆಯವರಿಗೆ ಹರಡುವ ದೊಡ್ಡ ಅಪಾಯ ಇದೆ ಅಥವಾ ಇವನು ಈ ಕೆಲಸಕ್ಕೆ ಅನ್‌ಫಿಟ್ ಅಂತ ಹೊರಗಿನ ಅರ್ಹ ವೈದ್ಯರ ಲಿಖಿತ ವರದಿ ಬೇಕು. ಸೌತೆಕಾಯಿ ಹೆಚ್ಚುವವನ ಬಗ್ಗೆ ಯಾವ ವೈದ್ಯರು ಹಾಗೆ ಬರೆದು ಕೊಡುತ್ತಾರೆ? ಊಟದಿಂದ ಇದು ಹರಡುವುದೇ ಇಲ್ಲ. ಕಾಯ್ದೆ ಬರುವುದಕ್ಕೂ ಎಷ್ಟೋ ಮುಂಚೆ, 1997ರಲ್ಲೇ, ಬಾಂಬೆ ಹೈಕೋರ್ಟ್ ಒಬ್ಬ ದಿನಗೂಲಿ ಕಾರ್ಮಿಕನ ಕೇಸ್‌ನಲ್ಲಿ ಹೇಳಿತ್ತು: ಕೆಲಸ ಮಾಡುವ ಶಕ್ತಿ ಇರುವವನನ್ನು ಎಚ್‌ಐವಿ ಇದೆ ಅಂತ ಹೊರಗೆ ಹಾಕುವ ಹಾಗಿಲ್ಲ.

ಶನಿವಾರ ಬೆಳಿಗ್ಗೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮೆಡಿಕಲ್ ಫಿಟ್‌ನೆಸ್ ಫಾರ್ಮ್ ತೆಗೆದು ಮೊದಲ ಬಾರಿಗೆ ಪೂರ್ತಿ ಓದಿದೆ. ದೇಹ ಪರೀಕ್ಷೆ, ಕಣ್ಣು, ಚರ್ಮ, ಟೈಫಾಯ್ಡ್ ಥರದ ಕಾಯಿಲೆಗೆ ಲಸಿಕೆ. ಆಮೇಲೆ, ವೈದ್ಯರಿಗೆ ನೋಡಿದಾಗ ಅನುಮಾನ ಬಂದರೆ ಆ ಅಂಟುರೋಗಕ್ಕೆ ಬೇಕಾದ ಟೆಸ್ಟ್. ಎಲ್ಲರಿಗೂ ಎಚ್‌ಐವಿ ಟೆಸ್ಟ್ ಮಾಡಿಸಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಜಿಎಂ ಹತ್ತಿರ ಹೋಗಿ ಅವನನ್ನು ವಾಪಸ್ ಕರೆಯಬೇಕು ಅಂದೆ. ಹುಡುಗನಿಗೆ ಅನ್ಯಾಯ ಆಗಿದೆ ಅಂದಾಗ ಅವರು ಫೋನ್ ನೋಡುತ್ತಿದ್ದರು. ಈ ಕಾಯ್ದೆಯ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಆದೇಶ ಪಾಲಿಸದೆ ಕೂತರೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ ಅಂದಾಗ ತಲೆ ಎತ್ತಿದರು. ನಮ್ಮ ಹಾಗೆ ನೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಈ ಕಾಯ್ದೆಯ ಕೆಳಗೆ ಒಬ್ಬ ದೂರು ಅಧಿಕಾರಿ ಇರಬೇಕು. ನಮ್ಮಲ್ಲಿ ಯಾರು ಅಂತ ಕೇಳಿದರು. ಯಾರೂ ಇರಲಿಲ್ಲ. ಅದನ್ನು ನೋಡಿಕೊಳ್ಳಬೇಕಾದವಳೂ ನಾನೇ.

ಸೋಮವಾರ ಹುಡುಗ ಬಂದ. ನಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡು ಕ್ಷಮೆ ಕೇಳಿದೆ. ತಲೆ ಆಡಿಸಿದ, ಮಾತಾಡಲಿಲ್ಲ. ಅದೇ ಸೆಕ್ಷನ್, ಅದೇ ರೋಸ್ಟರ್ ಕೊಟ್ಟೆವು. ಆದರೆ ಕ್ಯಾಫೆಟೇರಿಯಾದಲ್ಲಿ ಅವನ ಟೇಬಲ್‌ಗೆ ಯಾರೂ ಹೋಗುತ್ತಿರಲಿಲ್ಲ. ಅವನ ತಟ್ಟೆಯನ್ನು ಯಾರೋ ಬೇರೆ ಎತ್ತಿಟ್ಟಿದ್ದರು. ಡಾಕ್ಟರನ್ನು ಕರೆಸಿ ಎಲ್ಲ ಶಿಫ್ಟ್‌ಗೂ ಮಾತಾಡಿಸಿದೆ. ಕೆಲವರು ಬದಲಾದರು. ಅಷ್ಟರಲ್ಲಿ ಅವನಿಗೆ ಸಾಕಾಗಿತ್ತು. ಹನ್ನೆರಡನೇ ದಿನ ರಾಜೀನಾಮೆ ಕೊಟ್ಟ. ಎಕ್ಸ್‌ಪೀರಿಯನ್ಸ್ ಲೆಟರ್ ತಗೊಳ್ಳುವಾಗ ಕಾಗದವನ್ನು ಎರಡು ಸಲ ಓದಿದ, ಅದರಲ್ಲಿ ಎಲ್ಲಾದರೂ ಬರೆದಿದ್ದೀವಾ ಅಂತ.

ಅವನು ದೂರು ಕೊಡಲಿಲ್ಲ. ಕೊಟ್ಟಿದ್ದರೆ ನಾನು ಹೇಳುವುದಕ್ಕೆ ಏನೂ ಇರಲಿಲ್ಲ.

ಈಗ ಪ್ರತಿಯೊಬ್ಬರ ರಿಪೋರ್ಟ್ ಅವರ ಕೈಗೇ ಹೋಗುತ್ತದೆ. ನಮಗೆ ಬರುವುದು ಫಿಟ್ ಅಥವಾ ಅನ್‌ಫಿಟ್ ಅನ್ನುವ ಸರ್ಟಿಫಿಕೇಟ್ ಮಾತ್ರ. ಈ ವರ್ಷವೂ ಲ್ಯಾಬ್ ಕೊಟೇಶನ್ ಬಂತು. ಅದೇ ಪ್ಯಾಕೇಜ್, ಪಟ್ಟಿಯಲ್ಲಿ ಅದೇ ಟೆಸ್ಟ್. ಪೆನ್ನಿನಲ್ಲಿ ಹೊಡೆದು ಪರ್ಚೇಸ್‌ಗೆ ಕಳಿಸಿದೆ. ಅಲ್ಲಿಂದ ಫೋನ್ ಬಂತು: 'ತೆಗೆದರೂ ರೇಟ್ ಅಷ್ಟೇ ಮೇಡಂ, ಇದ್ದರೆ ಇರಲಿ ಅಲ್ವಾ?'

ಬೇಡ ಅಂದೆ. ಅವರ ಕ್ಯಾಬಿನ್‌ಗೆ ಹೋಗಿ ಯಾಕೆ ಅಂತ ಕೂತು ಹೇಳಿದೆ. ಅವನ ಹೆಸರು ಮಾತ್ರ ಹೇಳಲಿಲ್ಲ.