ಬ್ಯಾಲಿಹೇಲ್‌ನ ಹೆನ್ರಿ

ನಾನು ಈ ಕಾಲೇಜಿನಲ್ಲಿ ಬಿ.ಕಾಂ. ಓದಿದವನು, ಕಾಲೇಜಿನ ಹಾಕಿ ತಂಡದಲ್ಲಿ ಆಡಿದವನು. ಆದರೂ ಈ ಸಲ ಬರೆಯಬೇಕು ಅನಿಸಿದ್ದು ಇಲ್ಲಿಂದ ಹೋದ ಮೇಲೆ ಐರ್ಲೆಂಡಿನಲ್ಲಿ ಕಂಡ ಒಂದು ವಿದಾಯದ ಬಗ್ಗೆ, ಹೆನ್ರಿ ಶೆಫ್ಲಿನ್ ಎಂಬ ಹರ್ಲಿಂಗ್ ಆಟಗಾರನ ವಿದಾಯ. ಈಗ ನಮ್ಮ ಮೈದಾನದಲ್ಲಿ ಆಡುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಲಿ ಅಂತ ಆಸೆ.

2014ರಲ್ಲಿ ಮುಂದಿನ ಓದಿಗೆ ವಾಟರ್‌ಫರ್ಡ್ ಊರಿಗೆ ಹೋದೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸೀಟು ಸಿಕ್ಕಿತ್ತು. ನಾನು ಹೋದ ಸೆಪ್ಟೆಂಬರ್‌ನಲ್ಲಿ ಇಡೀ ದೇಶದ ಬಾಯಲ್ಲಿ ಒಂದೇ ಮಾತು, ಅಲ್ಲಿನ ಕೋಲು ಚೆಂಡಿನ ಆಟವಾದ ಹರ್ಲಿಂಗ್‌ನ ಫೈನಲ್. ಕಿಲ್ಕೆನ್ನಿ ಮತ್ತು ಟಿಪ್ಪರರಿ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಪಂದ್ಯ ಸಮವಾಗಿ ಮುಗಿದಿತ್ತು. ಮತ್ತೆ ಆಡಿಸಿದರು. ಕಿಲ್ಕೆನ್ನಿ ಗೆದ್ದಿತು.

ಆಟ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಒಂದು ಕಡೆ 15 ಜನ. ಕೈಯಲ್ಲಿ ಆಶ್ ಮರದ ಅಗಲ ತುದಿಯ ಕೋಲು, ಅದು ಹರ್ಲಿ. ಚರ್ಮದ ಪುಟ್ಟ ಚೆಂಡಿನ ಹೆಸರು ಸ್ಲಿಟರ್. ನಾನು ಆಡುವಾಗ ಹಾಕಿಯಲ್ಲಿ ಭುಜಕ್ಕಿಂತ ಮೇಲಿನ ಚೆಂಡಿಗೆ ಕೋಲು ಬೀಸಿದರೆ ಅಂಪೈರ್ ಸೀಟಿ ಊದುತ್ತಿದ್ದರು. ಇಲ್ಲಿ ತಲೆಯ ಮೇಲೆ ಹಾರುವ ಚೆಂಡಿಗೂ ಕೋಲು ಬೀಸುತ್ತಾರೆ, ಕೈಯಲ್ಲಿ ಹಿಡಿಯುತ್ತಾರೆ, ಕೋಲಿನ ತುದಿಯಲ್ಲಿ ಚೆಂಡು ಕೂರಿಸಿಕೊಂಡು ಓಡುತ್ತಾರೆ. ಗೋಲಿನ ಒಳಗೆ ಹೊಡೆದರೆ 3 ಪಾಯಿಂಟ್, ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ 1. ಹಾಕಿ ಆಡಿದ ನನಗೆ ಮೊದಲ ಸಲ ನೋಡಿದಾಗ ಎದೆ ಹೊಡೆದುಕೊಂಡಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಈ ಆಟಗಾರರಿಗೆ ಸಂಬಳ ಇಲ್ಲ. ಫೈನಲ್ ನಡೆಯುವ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 82,000ಕ್ಕೂ ಹೆಚ್ಚು ಜನ ಕೂರುತ್ತಾರೆ. ಅಷ್ಟು ಜನರ ಮುಂದೆ ಆಡಿದವರು ಆಮೇಲೆ ತಮ್ಮ ಶಾಲೆಗೋ ಆಫೀಸಿಗೋ ಹೊಲಕ್ಕೋ ಹೋಗಬೇಕು. ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ಪದ್ಧತಿಯೂ ಇಲ್ಲ. ಸಾಮಾನ್ಯವಾಗಿ ಹುಟ್ಟಿ ಬೆಳೆದ ಊರಿನ ಕ್ಲಬ್, ಆ ಊರಿರುವ ಕೌಂಟಿ, ಅಷ್ಟೇ. ಕೊಡಗಿನಲ್ಲಿ ಮನೆತನದ ಹೆಸರಿನಲ್ಲಿ ಹಾಕಿ ಆಡುವುದನ್ನು ನೋಡಿದವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ.

ಕಿಲ್ಕೆನ್ನಿಯ ಕಪ್ಪು ಹಳದಿ ಪಟ್ಟೆಯ ಅಂಗಿ ತೊಟ್ಟು ಹೆನ್ರಿ ಶೆಫ್ಲಿನ್ 1999ರಿಂದ ಆಡುತ್ತಿದ್ದ. ಪತ್ರಿಕೆಗಳು ಅವನನ್ನು ‘ಕಿಂಗ್ ಹೆನ್ರಿ’ ಎನ್ನುತ್ತಿದ್ದವು. ಆದರೆ ನನ್ನ ಜೊತೆ ಓದುತ್ತಿದ್ದ ಕಿಲ್ಕೆನ್ನಿಯ ಹುಡುಗರು ಬರೀ ಹೆನ್ರಿ ಎನ್ನುತ್ತಿದ್ದರು. ಪಕ್ಕದ ಮನೆ ಅಣ್ಣನ ಬಗ್ಗೆ ಮಾತಾಡಿದ ಹಾಗೆ. ಅವನೂ ನಮ್ಮ ವಾಟರ್‌ಫರ್ಡ್ ಕಾಲೇಜಿನಲ್ಲೇ ಓದಿ, ಅಲ್ಲಿನ ತಂಡದ ಜೊತೆ ಕಾಲೇಜುಗಳ ಫಿಟ್ಸ್‌ಗಿಬ್ಬನ್ ಕಪ್ ಗೆದ್ದವನು. ಆಮೇಲೆ ಬ್ಯಾಂಕಿನಲ್ಲಿ ಕೆಲಸ. ನನಗಂತೂ ಅದು ಕೇಳಿ ಬಹಳ ಹೆಮ್ಮೆಯಾಗಿತ್ತು.

2014ರ ಗೆಲುವು ಅವನ 10ನೇ ಆಲ್-ಐರ್ಲೆಂಡ್ ಪದಕ, ಅಂದರೆ ಇಡೀ ದೇಶದ ಚಾಂಪಿಯನ್‌ಶಿಪ್ ಗೆದ್ದ ಪದಕ. ಅಷ್ಟು ಪದಕವನ್ನು ಮೈದಾನದಲ್ಲಿ ಆಡಿ ಗೆದ್ದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಆ ವರ್ಷ ಮಾತ್ರ ಹೆಚ್ಚಾಗಿ ಬೆಂಚಿನಿಂದ ಎದ್ದು ಬರುತ್ತಿದ್ದ. ವಯಸ್ಸು 35. ಎರಡು ಮಂಡಿಗೂ ಆಪರೇಷನ್ ಆಗಿತ್ತು. ಚಳಿಗಾಲದಲ್ಲಿ ಜೆ.ಜೆ. ಡೆಲೇನಿ, ಟಾಮಿ ವಾಲ್ಷ್ ತರಹದ ಹಳೆ ಜೊತೆಗಾರರು ಒಬ್ಬೊಬ್ಬರಾಗಿ ನಿವೃತ್ತಿ ಹೇಳಿದರು. ಹೆನ್ರಿ ಮಾತ್ರ ಏನೂ ಹೇಳಲಿಲ್ಲ. 2015ರ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ತನ್ನ ಊರಿನ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ಜೊತೆ ಕ್ಲಬ್‌ಗಳ ಫೈನಲ್ ಗೆದ್ದ. ಮುಂದಿನ ವಾರ, 25ರಂದು, ಕಿಲ್ಕೆನ್ನಿ ಪೇಟೆಯ ಹೋಟೆಲೊಂದರಲ್ಲಿ ಪತ್ರಕರ್ತರನ್ನು ಕರೆದು ಕೌಂಟಿ ತಂಡಕ್ಕೆ ವಿದಾಯ ಹೇಳಿದ.

ಅವತ್ತು ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ನನಗೆ ಹಿಡಿಸಿದ್ದು ಏನೆಂದರೆ, ಯಾರೂ ಪದಕ ಎಣಿಸಲಿಲ್ಲ. ಒಬ್ಬೊಬ್ಬರೂ ತಾವು ನೋಡಿದ ಒಂದು ಗಳಿಗೆ ಹೇಳಿದರು. ಒಬ್ಬಳಿಗೆ 2010 ನೆನಪು. ಸೆಮಿಫೈನಲ್‌ನಲ್ಲಿ ಅವನ ಮಂಡಿಯ ಲಿಗಮೆಂಟ್ ಹರಿದಿತ್ತು. ಫೈನಲ್‌ಗೆ ಬರುತ್ತಾನೋ ಇಲ್ಲವೋ ಅಂತ ನೋಡಲು ಕಿಲ್ಕೆನ್ನಿಯ ಮೈದಾನ ನೌಲನ್ ಪಾರ್ಕ್‌ಗೆ ಸಾವಿರಾರು ಜನ ಬಂದರು. ಮ್ಯಾಚಿಗಲ್ಲ, ಸುಮ್ನೆ ಪ್ರಾಕ್ಟೀಸಿಗೆ! ಅವಳೂ ಅಪ್ಪನ ಜೊತೆ ಹೋಗಿದ್ದಳಂತೆ. ಹೆನ್ರಿ ಫೈನಲ್‌ಗೆ ಇಳಿದ. ಕಾಲು ಗಂಟೆಯೊಳಗೆ ಕುಂಟುತ್ತಾ ಹೊರಗೆ ಬಂದ. ಸತತ ಐದನೇ ಕಪ್ಪಿನ ಕನಸು ಟಿಪ್ಪರರಿ ಎದುರು ಮುರಿಯಿತು. ಅವಳು ಅದನ್ನು ಹೇಳುವಾಗಲೂ ಕಣ್ಣು ತುಂಬಿಕೊಂಡಳು.

ಇನ್ನೊಬ್ಬನದು 2012. ಗಾಲ್ವೇ ಕೌಂಟಿ ಎದುರು ಫೈನಲ್, ಕೊನೆಯ ನಿಮಿಷಗಳು, ಎರಡೂ ಕಡೆ ಸಮ. ಪೆನಾಲ್ಟಿ ಸಿಕ್ಕಿತು. ಗೋಲಿಗೆ ಹೊಡೆಯದೆ ಹೆನ್ರಿ ಚೆಂಡನ್ನು ಪಟ್ಟಿಯ ಮೇಲೆ ದಾಟಿಸಿ ಒಂದೇ ಪಾಯಿಂಟ್ ತಗೊಂಡ. ಗಾಲ್ವೇ ಮತ್ತೆ ಸಮ ಮಾಡಿತು. ಅವನು ಮಾಡಿದ್ದು ಸರಿಯೋ ತಪ್ಪೋ ಅಂತ ಆ ಮೇಜಿನಲ್ಲಿ ಇನ್ನೂ ವಾದ ನಡೆದಿತ್ತು. ನನ್ನ ಮಟ್ಟಿಗೆ ಸರಿ. ಆ ದಿನ ಹಿಂದೆ ಬಿದ್ದ ತಂಡವನ್ನು ಎಳೆದು ತಂದವನೇ ಅವನು. ಮರುಪಂದ್ಯದಲ್ಲಿ ಕಿಲ್ಕೆನ್ನಿ ಸುಲಭವಾಗಿ ಗೆದ್ದಿತು. ಆ ವರ್ಷದ ಅತ್ಯುತ್ತಮ ಹರ್ಲರ್ ಪ್ರಶಸ್ತಿ ಅವನಿಗೆ ಮೂರನೇ ಸಲ ಬಂತು.

ವಾಟರ್‌ಫರ್ಡ್ ಜನರ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಅವರ ಕೌಂಟಿ ಕೊನೆಯದಾಗಿ ಕಪ್ ಗೆದ್ದದ್ದು 1959ರಲ್ಲಿ. 2008ರಲ್ಲಿ ಎಷ್ಟೋ ಕಾಲದ ಮೇಲೆ ಫೈನಲ್ ತಲುಪಿದರೆ, ಇದೇ ಕಿಲ್ಕೆನ್ನಿ 23 ಪಾಯಿಂಟ್‌ಗಳಿಂದ ಸೋಲಿಸಿ ಕಳಿಸಿತ್ತು. ನಾನಿದ್ದ ಮನೆಯ ಯಜಮಾನರು ಆ ಪಂದ್ಯಕ್ಕೆ ಹೋಗಿ ಬಂದವರು. ಅವತ್ತು ರಾತ್ರಿ ಟಿವಿಯಲ್ಲಿ ಹೆನ್ರಿಯ ಸುದ್ದಿ ಬಂದಾಗ ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಯಲ್ಲಿ ನಾವಿಬ್ಬರೇ ಇದ್ದದ್ದು. “ನಮ್ಮನ್ನು ಎಷ್ಟು ನೋಯಿಸಿದ! ಆದರೆ ಒಂದು ದಿನವೂ ಸುಲಭವಾಗಿ ಆಡಲಿಲ್ಲ, ಎಲ್ಲವನ್ನೂ ಮೈದಾನದಲ್ಲಿ ಕೊಟ್ಟ” ಅಂದರು. ಎದುರಾಳಿಯಿಂದ ಇಂಥ ಮಾತು ಪಡೆದವನು ಪುಣ್ಯವಂತ ಅನಿಸಿತು.

ಆಟ ಬಿಟ್ಟ ಮೇಲೂ ಹೆನ್ರಿ ಊರು ಬಿಡಲಿಲ್ಲ. ಮುಂದೆ ಅದೇ ಬ್ಯಾಲಿಹೇಲ್ ಕ್ಲಬ್ಬಿಗೆ ಮ್ಯಾನೇಜರ್ ಆಗಿ 2019 ಮತ್ತು 2020ರಲ್ಲಿ ಕ್ಲಬ್‌ಗಳ ಆಲ್-ಐರ್ಲೆಂಡ್ ಗೆಲ್ಲಿಸಿದ.

ಮ್ಯಾಗಜಿನ್ ಸಂಪಾದಕರಿಗೆ ಒಂದು ವಿನಂತಿ. ನಮ್ಮ ಕಾಲೇಜಿನ ತಂಡಗಳಲ್ಲಿ ಪ್ರತಿ ವರ್ಷ ಫೈನಲ್ ಇಯರ್‌ನವರು ಕೊನೆಯ ಮ್ಯಾಚ್ ಆಡುತ್ತಾರೆ, ಕಿಟ್ ವಾಪಸ್ ಕೊಡುತ್ತಾರೆ, ಪರೀಕ್ಷೆ ಬರೆದು ಹೋಗುತ್ತಾರೆ. ಹಾಕಿ, ಕಬಡ್ಡಿ, ಖೋ ಖೋ, ಯಾವುದೇ ಇರಲಿ, ಅವರಿಗೆ ಎರಡು ಪುಟ ಇಡಿ. ಗೆದ್ದ ಕಪ್ಪುಗಳ ಪಟ್ಟಿ ಬೇಡ. ಅವರ ಆಟ ನೋಡಿದವರು, ಎದುರು ಆಡಿದವರು, ತಾವು ಕಂಡ ಒಂದೊಂದು ಗಳಿಗೆ ಬರೆಯಲಿ. ಮೊದಲ ಬರಹ ನಾನೇ ಕಳಿಸುತ್ತೇನೆ. ನಮ್ಮ ಬ್ಯಾಚಿನ ಗೋಲ್‌ಕೀಪರ್ ಮೂಗಿಗೆ ಚೆಂಡು ಬಡಿದು ರಕ್ತ ಸುರಿಯುತ್ತಿದ್ದರೂ ಒಂದು ಪೆನಾಲ್ಟಿ ಕಾರ್ನರ್ ತಡೆದಿದ್ದ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.