ಸರ್ನ್‌ನ ಅಂಗಳದಲ್ಲಿ ನಟರಾಜ

ಜಿನೀವಾದ ರೈಲು ನಿಲ್ದಾಣದ ಹತ್ತಿರ 18ನೇ ನಂಬರಿನ ಟ್ರಾಮ್ ಹತ್ತಿದೆವು. ಕೊನೆಯ ಸ್ಟಾಪೇ ಸರ್ನ್, ಯುರೋಪಿನ ದೇಶಗಳು ಸೇರಿ ನಡೆಸುವ ಕಣ ಭೌತವಿಜ್ಞಾನದ ಪ್ರಯೋಗಾಲಯ. ಇಳಿದರೆ ಒಂದು ಕಡೆ ಮರದ ದೊಡ್ಡ ಗೋಳ, ಇನ್ನೊಂದು ಕಡೆ ಸಾಧಾರಣ ಆಫೀಸು ಕಟ್ಟಡಗಳು. ಫ್ರಾನ್ಸ್ ಗಡಿ ಕೂಗಳತೆಯಲ್ಲಿದೆ.

ಅಸಲಿ ಯಂತ್ರ ಕಾಲ ಕೆಳಗಿದೆ. ನೆಲದಿಂದ ಸುಮಾರು 100 ಮೀಟರ್ ಆಳದಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಅದರೊಳಗೆ ಪ್ರೋಟಾನ್‌ಗಳು, ಅಂದರೆ ಪರಮಾಣುವಿನ ನಡುವೆ ಇರುವ ಪುಟ್ಟ ಕಣಗಳು, ಸೆಕೆಂಡಿಗೆ 11,000ಕ್ಕೂ ಜಾಸ್ತಿ ಸುತ್ತು ಹೊಡೆದು ಎದುರುಬದುರಾಗಿ ಡಿಕ್ಕಿಯಾಗುತ್ತವೆ. ಅವುಗಳ ದಾರಿ ಬಾಗಿಸುವ ಅಯಸ್ಕಾಂತಗಳನ್ನು ಮೈನಸ್ 271 ಡಿಗ್ರಿಗೆ ತಣ್ಣಗಿಟ್ಟಿರುತ್ತಾರೆ. ಯಂತ್ರ ಓಡುವಾಗ ಕೆಳಗೆ ಯಾರನ್ನೂ ಬಿಡುವುದಿಲ್ಲ. ನಮಗೆ ನೋಡಲು ಸಿಕ್ಕಿದ್ದು 1957ರಲ್ಲಿ ಶುರುವಾದ, ಇಲ್ಲಿನ ಮೊದಲ ವೇಗವರ್ಧಕ (ಕಣಗಳ ವೇಗ ಹೆಚ್ಚಿಸುವ ಯಂತ್ರ), ಮತ್ತು ಡಿಕ್ಕಿಗಳನ್ನು ದಾಖಲಿಸುವ ಅಟ್ಲಾಸ್ ಪ್ರಯೋಗದ ಕಂಟ್ರೋಲ್ ರೂಮ್. 2012ರ ಜುಲೈ 4ರಂದು ಹಿಗ್ಸ್ ಕಣ (ಮೂಲ ಕಣಗಳಿಗೆ ದ್ರವ್ಯರಾಶಿ ಹೇಗೆ ಬಂತು ಎಂಬುದಕ್ಕೆ ಸುಳಿವು ಕೊಡುವ ಕಣ) ಸಿಕ್ಕ ಸುದ್ದಿ ಕೊಟ್ಟ ಎರಡು ತಂಡಗಳಲ್ಲಿ ಅಟ್ಲಾಸ್ ಕೂಡ ಒಂದು. ಗಾಜಿನಾಚೆ ನಾಲ್ಕಾರು ಜನ ಪರದೆ ನೋಡುತ್ತಾ ಕೂತಿದ್ದರು.

ನಮ್ಮನ್ನು ಕರೆದೊಯ್ದ ಯುವ ವಿಜ್ಞಾನಿಗೆ ಗುಂಪಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಹಾಗಾದರೆ ನೀವಿಲ್ಲಿ ಸೃಷ್ಟಿಯನ್ನೇ ನೋಡುತ್ತೀರಾ?" ಆಕೆ ತಲೆ ಅಲ್ಲಾಡಿಸಿದರು. ವಿಶ್ವ ಹುಟ್ಟಿ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಕಳೆದಾಗ ಒಂದೊಂದು ಕಣಕ್ಕೆ ಎಷ್ಟು ಶಕ್ತಿ ಇತ್ತೋ, ಅಷ್ಟನ್ನು ಒಂದು ಚುಕ್ಕೆಯಲ್ಲಿ ಮತ್ತೆ ತರುತ್ತೇವೆ, ಅದಕ್ಕಿಂತ ಹಿಂದಿನದು ಈ ಯಂತ್ರಕ್ಕೆ ಎಟುಕುವುದಿಲ್ಲ ಎಂದರು. ಈ ಉತ್ತರ ನನಗೆ ತುಂಬಾ ಹಿಡಿಸಿತು. ಎಲ್ಲಿಯವರೆಗೆ ಗೊತ್ತು ಎಂದು ಗೆರೆ ಎಳೆದು ತೋರಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅಲ್ವಾ?

ಆಮೇಲೆ ನಟರಾಜನ ಹತ್ತಿರ ಹೋದೆವು. ಎರಡು ಮೀಟರ್ ಎತ್ತರದ ವಿಗ್ರಹ, 2004ರಲ್ಲಿ ಭಾರತ ಸರ್ಕಾರ ಕೊಟ್ಟಿದ್ದು. ಕಟ್ಟಡಗಳ ನಡುವೆ, ಜನ ಓಡಾಡುವ ಜಾಗದಲ್ಲೇ ನಿಂತಿದ್ದಾನೆ. ನಾನು ಕೈ ಮುಗಿದೆ. ಆದರೆ ನಮ್ಮ ಹಿರಿಯರು ಇದನ್ನೆಲ್ಲ ಮೊದಲೇ ಕಂಡುಹಿಡಿದಿದ್ದರು ಎಂದು ಅಲ್ಲಿ ನಿಂತು ಹೇಳಲು ನನಗೆ ಮನಸ್ಸಾಗಲಿಲ್ಲ. ಋಗ್ವೇದದ ನಾಸದೀಯ ಸೂಕ್ತ ಅಂಥ ಜಂಬ ಕೊಚ್ಚುವುದೇ ಇಲ್ಲ. ಈ ಸೃಷ್ಟಿ ಎಲ್ಲಿಂದ ಬಂತೆಂದು ಯಾರಿಗೆ ಗೊತ್ತು, ದೇವತೆಗಳೂ ಆಮೇಲೆ ಬಂದವರೇ ಎನ್ನುತ್ತದೆ. ಮೇಲೆ ಕೂತು ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎಂದು ಮುಗಿಸುತ್ತದೆ.

ಬೆಲ್ಜಿಯಂನ ಜಾರ್ಜ್ ಲೆಮೇತ್ರ್ ಕೂಡ ನೆನಪಾದರು. ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿದವರು. ಎಲ್ಲವೂ ಒಂದು ಆದಿ ಪರಮಾಣುವಿನಿಂದ ಶುರುವಾಯಿತು ಎಂದು 1931ರಲ್ಲಿ ಹೇಳಿದರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅದರಲ್ಲಿ ದೇವರ ಸೃಷ್ಟಿಗೆ ಸಾಕ್ಷಿ ಕಂಡಾಗ ಲೆಮೇತ್ರ್‌ಗೆ ಸರಿ ಕಾಣಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿದೆ ಎಂದೇ ಹೇಳಿದರು. ಪೂಜೆಯನ್ನೂ ಬಿಡಲಿಲ್ಲ, ಲೆಕ್ಕವನ್ನೂ ಬಿಡಲಿಲ್ಲ. ನಂಬಿಕೆ ಇರುವ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ಇಂದಿನ ಪ್ರಯೋಗಕ್ಕೆ ದೇವರನ್ನು ಕಟ್ಟಿಹಾಕಿದರೆ, ನಾಳೆ ಲೆಕ್ಕ ಬದಲಾದಾಗ ದೇವರನ್ನೂ ಬದಲಾಯಿಸಬೇಕಾಗುತ್ತದೆ.

ಹೊರಡುವ ಮುಂಚೆ ಆ ವಿಜ್ಞಾನಿಯನ್ನು ಕೇಳಿದೆ: ನಿಮ್ಮ ನಿದ್ದೆ ಕೆಡಿಸುವ ಪ್ರಶ್ನೆ ಯಾವುದು? ಆರಂಭದಲ್ಲಿ ದ್ರವ್ಯ, ಪ್ರತಿದ್ರವ್ಯ (ದ್ರವ್ಯದ ಕಣಗಳಂತೆಯೇ ಇದ್ದು ವಿದ್ಯುದಂಶ ಮಾತ್ರ ತಿರುವುಮುರುವಾದ ಕಣಗಳು) ಎರಡೂ ಸಮವಾಗಿ ಹುಟ್ಟಬೇಕಿತ್ತು ಎಂದರು. ಹಾಗಾಗಿದ್ದರೆ ಒಂದನ್ನೊಂದು ಅಳಿಸಿ ಬರೀ ಬೆಳಕು ಉಳಿಯುತ್ತಿತ್ತು. ಆದರೆ ಸುಮಾರು ನೂರು ಕೋಟಿಗೆ ಒಂದರಂತೆ ದ್ರವ್ಯದ ಕಣ ಹೆಚ್ಚಾಗಿ ಉಳಿಯಿತು. ನಕ್ಷತ್ರ, ನೆಲ, ನಾವು ಎಲ್ಲ ಆ ಉಳಿಕೆಯೇ. ಯಾಕೆ ಉಳಿಯಿತು ಎನ್ನುವುದನ್ನೇ ಅವರ ತಂಡ ಹುಡುಕುತ್ತಿದೆ.