ಹಿತ್ತಲ ರೇಂಜ್: ಹೋಲ್‌ಸ್ಟರ್ ಬಂತು, ಅಂಕದ ಲೆಕ್ಕ ಶುರು

ಮನೆಯ ಹಿತ್ತಲಲ್ಲೇ ಏರ್ ಪಿಸ್ತೂಲ್ ಹಿಡಿದು ಪ್ರಾಕ್ಟಿಕಲ್ ಶೂಟಿಂಗ್ ಕಲಿಯುವ ನಮ್ಮ ಪ್ರಯತ್ನಕ್ಕೆ ಬೇಕಾದ ಹೋಲ್‌ಸ್ಟರ್, ಅಂದರೆ ಸೊಂಟದಲ್ಲಿ ಪಿಸ್ತೂಲ್ ಇಡುವ ಕವಚ, ರೆಡಿಯಾಗಿದೆ. ಬೆಲ್ಟ್ ಸಿಕ್ಕಿದೆ. ಮೂರು ಟಾರ್ಗೆಟ್ ಸ್ಟ್ಯಾಂಡ್ ಹಿತ್ತಲಲ್ಲಿ ನಿಂತಿವೆ. ಹೋದ ಸಲ ಬರೆದಾಗ ಎಲ್ಲವೂ ಬರೀ ನೋಟ್‌ಬುಕ್‌ನಲ್ಲಿತ್ತು, ಈಗ ಟೈಮರ್ ಹಚ್ಚಿ ಹೊಡೆದು ಅಂಕ ಹಾಕುವ ಮಟ್ಟಕ್ಕೆ ಬಂದಿದ್ದೇವೆ. ಹಾಗಾಗಿ ಇದು ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮಲ್ಲಿ ಪಿಸ್ತೂಲ್ ಶೂಟಿಂಗ್ ಅಂದರೆ ಎಲ್ಲರ ತಲೆಗೂ ಬರುವುದು 10 ಮೀಟರ್ ಏರ್ ಪಿಸ್ತೂಲ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದರಲ್ಲ, ಅದು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋಗೆ ಹೋಗಿದ್ದೂ ಪಿಸ್ತೂಲ್ ಹಿಡಿದೇ. 10 ಮೀಟರ್ ಆಟದಲ್ಲಿ ಒಂದೇ ಕೈ, ನಿಂತಲ್ಲೇ ನಿಲ್ಲಬೇಕು, 60 ಗುಂಡಿಗೆ 75 ನಿಮಿಷ. ಪ್ರಾಕ್ಟಿಕಲ್ ಶೂಟಿಂಗ್ ಬೇರೆಯೇ ಆಟ. ಪಿಸ್ತೂಲ್ ಸೊಂಟದ ಹೋಲ್‌ಸ್ಟರ್‌ನಲ್ಲಿರುತ್ತದೆ. ಬೀಪ್ ಆದ ಮೇಲೆ ತೆಗೆಯಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು, ಓಡಬೇಕು, ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ಬದಲಿಸಬೇಕು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದೇ ಐಪಿಎಸ್‌ಸಿ, ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್. ಜೆಫ್ ಕೂಪರ್ ಮೊದಲ ಅಧ್ಯಕ್ಷ. ಗುರಿ, ಬಲ, ವೇಗ, ಮೂರಕ್ಕೂ ಸಮನಾದ ಬೆಲೆ ಅನ್ನುವುದು ಅವರ ಧ್ಯೇಯ.

ಕಲಬುರಗಿಯಲ್ಲಿ ಕೂತು ಇದನ್ನು ಹೇಗೆ ಆಡುವುದು ಅಂತ ತುಂಬಾ ಜನ ಕೇಳಿದ್ದೀರಿ. ನಿಜವಾದ ಪಂದ್ಯದಲ್ಲಿ ಬಹುತೇಕ ಎಲ್ಲರ ಕೈಯಲ್ಲೂ 9 ಎಂಎಂ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಲೈಸೆನ್ಸ್ ಇದ್ದವರಿಗೂ ಸಾಮಾನ್ಯವಾಗಿ ಸಿಗುವುದು .32. ಇಲ್ಲಿ ಗುಂಡಿನ ಬಲ ಅಳೆಯುವ ಪವರ್ ಫ್ಯಾಕ್ಟರ್ ಅನ್ನುವ ಲೆಕ್ಕ ಅಡ್ಡ ಬರುತ್ತದೆ. ಗುಂಡಿನ ತೂಕವನ್ನು ಗ್ರೇನ್ ಅನ್ನುವ ಸಣ್ಣ ಅಳತೆಯಲ್ಲಿ ತಗೊಂಡು, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಅಂತ ತಗೊಂಡು, ಗುಣಿಸಿ 1000ದಿಂದ ಭಾಗಿಸಬೇಕು. ಮೈನರ್, ಅಂದರೆ ಕೆಳಗಿನ ದರ್ಜೆಯ ಬಲ, ಅನ್ನಿಸಿಕೊಳ್ಳಲು ಕನಿಷ್ಠ 125 ಬರಬೇಕು. 124 ಗ್ರೇನ್‌ನ 9 ಎಂಎಂ ಗುಂಡು 1050 ಅಡಿ ವೇಗದಲ್ಲಿ ಹೋದರೆ 130, ಪಾಸ್. .32ರ 71 ಗ್ರೇನ್ ಗುಂಡು ಸುಮಾರು 900 ಅಡಿಯಲ್ಲಿ ಹೋದರೆ ಬರುವುದು 64. ಅರ್ಧಕ್ಕೆ ಸ್ವಲ್ಪ ಮೇಲೆ ಅಷ್ಟೇ. ಅಂದರೆ ಲೈಸೆನ್ಸ್ ಪಿಸ್ತೂಲ್ ಇದ್ದರೂ ಅದನ್ನು ಹಿಡಿದು ಈ ಆಟಕ್ಕೆ ಇಳಿಯಲು ಆಗುವುದಿಲ್ಲ. ಅದಕ್ಕೇ ನಾನು ಏರ್ ಪಿಸ್ತೂಲ್‌ನಲ್ಲೇ ಉಳಿದ ಎಲ್ಲ ನಿಯಮ ಪಾಲಿಸಿ ಕಲಿಯುವ ದಾರಿ ಹಿಡಿದದ್ದು. ಪವರ್ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಮನೆಯಲ್ಲೇ ಕಲಿಯಬಹುದು, ಮತ್ತು ಕಲಿಯುವುದು ಬಹಳ ಇದೆ.

ನನ್ನದು 4.5 ಎಂಎಂ ಸಿಒ2 ಪಿಸ್ತೂಲ್. 12 ಗ್ರಾಂ ಗ್ಯಾಸ್ ಗುಂಡಿ, ಅಂದರೆ ಗ್ಯಾಸ್ ತುಂಬಿದ ಪುಟ್ಟ ಕ್ಯಾಪ್ಸೂಲ್, ಹಿಡಿಕೆಯೊಳಗೆ ಕೂರುತ್ತದೆ. ಮ್ಯಾಗಜಿನ್‌ನ ಎರಡು ತುದಿಗೂ 8-8 ಪೆಲೆಟ್, ಜಾತ್ರೆಯಲ್ಲಿ ಬಲೂನ್ ಒಡೆಯುವ ಛರ್ರಾ ಅಂತೀವಲ್ಲ, ಅದೇ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರ್ ಮತ್ತು 20 ಜೂಲ್ ದಾಟದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಬೇಡ ಅಂದ ಮಾತ್ರಕ್ಕೆ ಅದು ಆಟಿಕೆ ಅಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ನೋಡಲು ಥೇಟ್ ನಿಜವಾದ ಪಿಸ್ತೂಲ್, ಹಾಗಾಗಿ ನಮ್ಮ ಮನೆಯ ಹಿತ್ತಲು ಬಿಟ್ಟರೆ ಉಳಿದ ಹೊತ್ತು ಅದು ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರುತ್ತದೆ.

ನಮ್ಮೂರಿನ ಬಿಸಿಲಿಗೂ ಸಿಒ2ಗೂ ದೊಡ್ಡ ಜಗಳ ಇದೆ. ಯುರೋಪಿನವರು ಬರೆದ ಗೈಡ್‌ಗಳಲ್ಲಿ ಬರೀ ಚಳಿಯ ತೊಂದರೆ ಹೇಳುತ್ತಾರೆ. ಇಲ್ಲಿ ಉಲ್ಟಾ. ಗುಂಡಿಯೊಳಗೆ ಗ್ಯಾಸ್ ದ್ರವವಾಗಿ ಇರುತ್ತದೆ, 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಅಲ್ಲಿಂದ ಮೇಲೆ ಒತ್ತಡ ಜೋರಾಗಿ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ 42-43 ಡಿಗ್ರಿ ಇರುವಾಗ ವಾಲ್ವ್ ತೆರೆಯಲು ಸುತ್ತಿಗೆ ಭಾಗಕ್ಕೆ ಬಲ ಸಾಲುವುದಿಲ್ಲ, ಸೀಲ್‌ಗಳಿಗೂ ಏಟು. ಗುಂಡಿಯ ಮೇಲೆಯೇ 50 ಡಿಗ್ರಿ ದಾಟುವ ಕಡೆ ಇಡಬೇಡಿ ಅನ್ನುವ ಎಚ್ಚರಿಕೆ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಜಾಸ್ತಿಯೇ ಕಾಯುತ್ತದೆ, ದಯವಿಟ್ಟು ಕಾರಿನಲ್ಲಿ ಇಡಬೇಡಿ. ಇನ್ನೊಂದು ಕಡೆ, ಪಟಪಟ ಅಂತ ಹೊಡೆದರೆ ಅದೇ ಗುಂಡಿ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಕೊನೆಯ ಪೆಲೆಟ್‌ಗಳು ಕೆಳಗೆ ಬೀಳುತ್ತವೆ. ನಮ್ಮ ಪದ್ಧತಿ ಈಗ ಬೆಳಿಗ್ಗೆ ಬೇಗ, ಬಿಸಿಲು ಗೋಡೆ ದಾಟುವ ಮುಂಚೆ. ಎರಡು ಸುತ್ತಿನ ನಡುವೆ ಪಿಸ್ತೂಲ್‌ಗೆ ವಿಶ್ರಾಂತಿ. ಉಳಿದ ಗುಂಡಿಗಳು ಒಳಗೆ ಕೋಣೆಯ ಕೆಳಗಿನ ಗೂಡಿನಲ್ಲಿ, ಶಹಾಬಾದ್ ಕಲ್ಲಿನ ಮೇಲೆ. ಆ ಜಾಗ ಮನೆಯಲ್ಲೇ ತಂಪು.

ಇನ್ನು ಹೋಲ್‌ಸ್ಟರ್. ಆನ್‌ಲೈನ್‌ನಲ್ಲಿ ನನ್ನ ಮಾಡೆಲ್‌ಗೆ ಸರಿಹೋಗುವುದು ಸಿಗಲಿಲ್ಲ, ಎಲ್ಲದಕ್ಕೂ ಹೊಂದುತ್ತದೆ ಅಂತ ಮಾರುವ ಬಟ್ಟೆಯ ಚೀಲಗಳು ಈ ಆಟಕ್ಕೆ ಬರುವುದಿಲ್ಲ. ಚಪ್ಪಲ್ ಬಜಾರ್ ಹತ್ತಿರ ಚರ್ಮದ ಕೆಲಸ ಮಾಡುವ ಒಬ್ಬ ಚಾಚಾ ಇದ್ದಾರೆ. ಅವರ ಬಳಿ ಪಿಸ್ತೂಲ್ ಒಯ್ಯಲಿಲ್ಲ. ಬಡಗಿಯಿಂದ ಸಾಗವಾನಿ ತುಂಡಿನಲ್ಲಿ ಅದೇ ಅಳತೆಯ ಅಚ್ಚು ಮಾಡಿಸಿಕೊಂಡು ಹೋದೆ. ಚಾಚಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಯಿ ಸಡಿಲ ಇಟ್ರ ಬೀಳ್ತದ ಬೇಟಾ, ಬಿಗಿ ಮಾಡಿದ್ರ ಬರಂಗಿಲ್ಲ. ನಿನಗ ಯಾವ್ದು ಬೇಕು?" ಅಂದರು. ಈ ಆಟದ ಹೋಲ್‌ಸ್ಟರ್‌ನ ಪೂರ್ತಿ ಪ್ರಶ್ನೆಯೇ ಅದು. ಪಂದ್ಯದ ನಡುವೆ ಪಿಸ್ತೂಲ್ ಕೆಳಗೆ ಬಿದ್ದರೆ ಅಲ್ಲಿಗೆ ಮುಗಿಯಿತು, ಡಿಸ್‌ಕ್ವಾಲಿಫೈ, ಆ ಪಂದ್ಯದಲ್ಲಿ ಮತ್ತೆ ಹೊಡೆಯುವಂತಿಲ್ಲ. ಬಿದ್ದದ್ದನ್ನು ನಾವು ಎತ್ತುವಂತೆಯೂ ಇಲ್ಲ, ಪಕ್ಕದಲ್ಲೇ ನಿಂತು ಆದೇಶ ಕೊಡುವ ರೇಂಜ್ ಆಫೀಸರ್ ಎತ್ತಿ ಖಾಲಿ ಮಾಡುತ್ತಾರೆ.

ಚಾಚಾ ಮಾಡಿದ್ದು ಹೀಗೆ. ದಪ್ಪ ಚರ್ಮವನ್ನು ನೆನೆಸಿ ಅಚ್ಚಿನ ಮೇಲೆ ಎಳೆದು, ಟ್ರಿಗರ್ ಗಾರ್ಡ್‌ನ ತಗ್ಗಿನಲ್ಲಿ ಮೂಳೆಯ ತುಂಡಿನಿಂದ ಒತ್ತಿ ಒತ್ತಿ ಗೆರೆ ಮೂಡಿಸಿದರು. ಒಣಗಿದ ಮೇಲೆ ಆ ಗೆರೆಯೇ ಹಿಡಿತ. ಪಿಸ್ತೂಲ್ ಒಳಗೆ ಹೋದಾಗ ಟಕ್ ಅಂತ ಕೂರುತ್ತದೆ, ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬೀಳುವುದಿಲ್ಲ, ಆದರೆ ನೇರ ಮೇಲಕ್ಕೆ ಎಳೆದರೆ ಒಂದೇ ಏಟಿಗೆ ಬರುತ್ತದೆ. ಟ್ರಿಗರ್ ಪೂರ್ತಿ ಮುಚ್ಚಿದೆ. ಇದು ಅಲಂಕಾರಕ್ಕಲ್ಲ, ಹೋಲ್‌ಸ್ಟರ್‌ನಲ್ಲಿ ಇರುವಾಗ ಟ್ರಿಗರ್‌ಗೆ ಬೆರಳು ತಾಗಬಾರದು ಅನ್ನುವುದು ನಿಯಮ. ನಾನು ಪ್ರೊಡಕ್ಷನ್ ಡಿವಿಷನ್ (ಹೆಚ್ಚು ಬದಲಾವಣೆ ಮಾಡದ ಸಾಮಾನ್ಯ ಪಿಸ್ತೂಲ್‌ಗಳ ವಿಭಾಗ) ಪ್ರಕಾರ ಹೋಗುತ್ತಿರುವುದರಿಂದ ಹೋಲ್‌ಸ್ಟರೂ ಮ್ಯಾಗಜಿನ್ ಪೌಚೂ ಸೊಂಟದ ಮೂಳೆಯ ಮುಂಭಾಗಕ್ಕಿಂತ ಹಿಂದೆ ಇರಬೇಕು, ಹಿಡಿಕೆಯ ಬುಡ ಬೆಲ್ಟ್‌ನಿಂದ 50 ಮಿಮೀಗಿಂತ ದೂರ ಚಾಚಬಾರದು. ಚಾಚಾಗೆ ಇದೆಲ್ಲ ಹೇಳಿದಾಗ ಸ್ಕೇಲ್ ತೆಗೆದು ಅಳೆದು ಎರಡು ಸಲ ಹೊಲಿಗೆ ಬಿಚ್ಚಿ ಹಾಕಿದರು. ಇಂಥ ಕೈಕೆಲಸದವರು ನಮ್ಮೂರಲ್ಲಿ ಇದ್ದಾರೆ ಅನ್ನುವುದೇ ನನಗೆ ದೊಡ್ಡ ಖುಷಿ.

ಬೆಲ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗಲ, ಗಟ್ಟಿ, ಕನಿಷ್ಠ ಮೂರು ಲೂಪ್‌ನಲ್ಲಿ ಹಾಯ್ದು ಪ್ಯಾಂಟಿಗೆ ಬಿಗಿಯಾಗಿರಬೇಕು. ಮೆತ್ತಗಿನ ಬೆಲ್ಟ್ ಆದರೆ ಪಿಸ್ತೂಲ್ ಎಳೆದಾಗ ಹೋಲ್‌ಸ್ಟರೂ ಜೊತೆಗೆ ಮೇಲೇಳುತ್ತದೆ.

ಟ್ರಿಗರ್ ತೂಕ ಅಳೆಯಲು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕಾಯಿತು. 10 ಮೀಟರ್ ಏರ್ ಪಿಸ್ತೂಲ್‌ಗೆ ಕನಿಷ್ಠ 500 ಗ್ರಾಂ ಇದ್ದರೆ ನಡೆಯುತ್ತದೆ. ಪ್ರೊಡಕ್ಷನ್‌ನಲ್ಲಿ ಮೊದಲ ಹೊಡೆತಕ್ಕೆ 2.27 ಕೆಜಿ ಬೇಕು, ಅಥವಾ ಪ್ರತಿ ಹೊಡೆತಕ್ಕೂ 1.36 ಕೆಜಿ. ಖಾಲಿ ಪಿಸ್ತೂಲ್‌ನಲ್ಲಿ ನೋಡಿದೆ, ನನ್ನದು ಮೊದಲ ಎಳೆತಕ್ಕೆ 3 ಕೆಜಿ ಮೇಲೆಯೇ ಇದೆ. ಅಂಥ ಭಾರದ ಟ್ರಿಗರ್ ಎಳೆಯುವಾಗ ಕೈ ಅಲ್ಲಾಡದಂತೆ ಹಿಡಿಯುವುದೇ ದೊಡ್ಡ ಅಭ್ಯಾಸ.

ಟಾರ್ಗೆಟ್‌ಗಳು ಕಿರಾಣಾ ಅಂಗಡಿಯ ರಟ್ಟಿನ ಡಬ್ಬದಲ್ಲಿ ಕತ್ತರಿಸಿದವು. ಅಸಲಿ ಐಪಿಎಸ್‌ಸಿ ಟಾರ್ಗೆಟ್ 45 ಸೆಂಮೀ ಅಗಲ, 57 ಸೆಂಮೀ ಎತ್ತರ, ಕಂದು ಬಣ್ಣ. ನಮ್ಮ ಹಿತ್ತಲು ಚಿಕ್ಕದು, ಅದಕ್ಕೆ ಅಳತೆಯನ್ನು ಅರ್ಧ ಮಾಡಿದೆ. ಅರ್ಧ ಅಳತೆಯದನ್ನು 5 ಮೀಟರ್‌ನಲ್ಲಿ ನಿಲ್ಲಿಸಿದರೆ ಕಣ್ಣಿಗೆ 10 ಮೀಟರ್‌ನ ಪೂರ್ತಿ ಅಳತೆಯಂತೆಯೇ ಕಾಣುತ್ತದೆ. ಹಿಂದೆ ಗೋಡೆ ಶಹಾಬಾದ್ ಕಲ್ಲಿನದು, ಪೆಲೆಟ್ ಅದಕ್ಕೆ ಬಡಿದರೆ ನೇರ ನಮ್ಮ ಕಡೆಯೇ ಬರುತ್ತದೆ. ಆದ್ದರಿಂದ ಟಾರ್ಗೆಟ್ ಹಿಂದೆ ಅವ್ವನ ಹಳೆಯ ಕೌದಿ ಎರಡು ಮಡಿಕೆ ಮಾಡಿ ಸಡಿಲವಾಗಿ ತೂಗುಬಿಟ್ಟಿದ್ದೇವೆ. ಬಿಗಿಯಾಗಿ ಕಟ್ಟಿದರೆ ತೂತು ಬೀಳುತ್ತದೆ, ಸಡಿಲ ಬಿಟ್ಟರೆ ಬಟ್ಟೆ ಹಿಂದೆ ಸರಿದು ಪೆಲೆಟ್‌ನ ವೇಗ ನುಂಗಿಬಿಡುತ್ತದೆ, ಅದು ಟಪ್ ಅಂತ ಕೆಳಗೆ ಬೀಳುತ್ತದೆ. ಕೆಳಗೊಂದು ತಟ್ಟೆ ಇಟ್ಟು ಎಲ್ಲ ಹೆಕ್ಕುತ್ತೇವೆ. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ, ಇಬ್ಬರಿಗೂ ಕಣ್ಣಿಗೆ ಕನ್ನಡಕ. ಇದರಲ್ಲಿ ರಿಯಾಯಿತಿ ಇಲ್ಲ.

ಆಡುವ ಸ್ಟೇಜ್, ಅಂದರೆ ಒಂದು ಸುತ್ತಿನ ಆಟ, ಜೆಫ್ ಕೂಪರ್ ರೂಪಿಸಿದ ಎಲ್ ಪ್ರೆಸಿಡೆಂಟೆ. ಟಾರ್ಗೆಟ್‌ಗಳಿಗೆ ಬೆನ್ನು ಮಾಡಿ ನಿಲ್ಲಬೇಕು. ಬೀಪ್ ಆದಾಗ ತಿರುಗಿ, ಪಿಸ್ತೂಲ್ ತೆಗೆದು, ಮೂರಕ್ಕೂ ಎರಡೆರಡು, ಮ್ಯಾಗಜಿನ್ ಬದಲಿಸಿ ಮತ್ತೆ ಎರಡೆರಡು. ಒಟ್ಟು 12 ಹೊಡೆತ, 60 ಅಂಕ. ನನ್ನ 8 ಪೆಲೆಟ್ ಮ್ಯಾಗಜಿನ್‌ಗೆ ಹೇಳಿ ಮಾಡಿಸಿದ ಹಾಗಿದೆ.

ತಮ್ಮನೇ ರೇಂಜ್ ಆಫೀಸರ್. ನಿಯಮ ಪುಸ್ತಕ ನನಗಿಂತ ಅವನೇ ಚೆನ್ನಾಗಿ ಓದಿದ್ದಾನೆ. ದೊಡ್ಡ ಪಂದ್ಯಗಳಲ್ಲಿ ಯಾವ ದೇಶವಾದರೂ ಆದೇಶ ಇಂಗ್ಲಿಷ್‌ನಲ್ಲೇ, ಹಾಗಾಗಿ ಅವನೂ ಹಾಗೇ ಕೂಗುತ್ತಾನೆ: ಲೋಡ್ ಆ್ಯಂಡ್ ಮೇಕ್ ರೆಡಿ, ಆರ್ ಯು ರೆಡಿ, ಸ್ಟ್ಯಾಂಡ್‌ಬೈ. ಆಮೇಲೆ 1ರಿಂದ 4 ಸೆಕೆಂಡ್ ಒಳಗೆ ಯಾವಾಗ ಬೇಕಾದರೂ ಬೀಪ್ ಬರಬಹುದು. ಮೊಬೈಲ್ ಟೈಮರ್ ಆ್ಯಪ್‌ನಲ್ಲಿ ಈ ಸೆಟ್ಟಿಂಗ್ ಇದೆ, ಆದರೆ ಏರ್ ಪಿಸ್ತೂಲ್‌ನ ಸದ್ದು ಸಣ್ಣದು, ಮೈಕ್‌ನ ಸೂಕ್ಷ್ಮತೆ ಜಾಸ್ತಿ ಇಡಬೇಕು, ಆಗ ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಒಂದು ಹೊಡೆತ ಅಂತ ದಾಖಲಾಗುತ್ತದೆ. ತಮ್ಮ ಮೊಬೈಲನ್ನು ನನ್ನ ಬಲ ಭುಜದ ಪಕ್ಕ ಹಿಡಿದು ನಿಂತರೆ ಸರಿಹೋಗುತ್ತದೆ.

ಅವನ ಕಣ್ಣು ಟಾರ್ಗೆಟ್ ಮೇಲೆ ಇರುವುದೇ ಇಲ್ಲ, ಪಿಸ್ತೂಲ್ ಮತ್ತು ನನ್ನ ತೋರುಬೆರಳಿನ ಮೇಲೆ. ಹಾಗೇ ಇರಬೇಕು. ನಳಿಗೆಯ ಬಾಯಿ ಟಾರ್ಗೆಟ್ ದಿಕ್ಕಿನಿಂದ 90 ಡಿಗ್ರಿ ದಾಟಿದರೆ ನೇರ ಮನೆಗೆ. ಈ ಸ್ಟೇಜ್‌ನಲ್ಲಿ ಬೆನ್ನು ಮಾಡಿ ನಿಂತಿರುತ್ತೇವಲ್ಲ, ಪೂರ್ತಿ ತಿರುಗುವ ಮುಂಚೆ ಪಿಸ್ತೂಲ್ ಹೊರಗೆ ಬಂದರೆ ಅದೇ ಗತಿ. ಮ್ಯಾಗಜಿನ್ ಬದಲಿಸುವಾಗ ಬೆರಳು ಟ್ರಿಗರ್ ಗಾರ್ಡ್‌ನಿಂದ ಹೊರಗೆ ಕಾಣಬೇಕು. "ಅಣ್ಣಾ, ತಿರುಗು ಮೊದ್ಲ, ಕೈ ಆಮ್ಯಾಲ" ಅಂತ ಪ್ರತಿ ಸಲ ನೆನಪು ಮಾಡುತ್ತಾನೆ. ಅದಕ್ಕೆ ಮೊದಲು ಮರದ ಅಚ್ಚನ್ನೇ ಹೋಲ್‌ಸ್ಟರ್‌ಗೆ ಹಾಕಿ ತಿರುಗುವುದು, ಎಳೆಯುವುದು, ಮತ್ತೆ ನಿಧಾನ ಒಳಗೆ ಇಡುವುದು. ಕಾಲು ತಾನಾಗಿ ತಿರುಗುವ ತನಕ ಪೆಲೆಟ್ ಮುಟ್ಟುವುದಿಲ್ಲ.

ಅಂಕದ ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟ. ಮೈನರ್‌ನಲ್ಲಿ ಟಾರ್ಗೆಟ್‌ನ ನಡುವಿನ ಎ ವಲಯಕ್ಕೆ 5, ಅದರ ಹೊರಗಿನ ಸಿಗೆ 3, ಅಂಚಿನ ಡಿಗೆ 1. ತೂತು ಗೆರೆ ಮುಟ್ಟಿದ್ದರೆ ಮೇಲಿನ ಅಂಕ. ಮಿಸ್ ಆದರೆ 10 ಕಳೆತ. ಬಂದ ಮೊತ್ತವನ್ನು ಸೆಕೆಂಡಿನಿಂದ ಭಾಗಿಸಿದರೆ ಹಿಟ್ ಫ್ಯಾಕ್ಟರ್. 12ಕ್ಕೆ 12 ಎ ಹೊಡೆದು 10.5 ಸೆಕೆಂಡ್ ತಗೊಂಡರೆ 5.71. ಅದೇ 10 ಎ, 2 ಸಿ, 9 ಸೆಕೆಂಡ್ ಆದರೆ 56 ಅಂಕ, 6.22. ಅಂದರೆ ಎರಡು ಸಿ ಹೋದರೂ ವೇಗದವನೇ ಮುಂದೆ. ಹಾಗಂತ ಸುಮ್ನೆ ಓಡಿದರೆ? 8 ಎ, 3 ಸಿ, ಒಂದು ಮಿಸ್, 8 ಸೆಕೆಂಡ್: 49ರಲ್ಲಿ 10 ಹೋಗಿ 39, ಹಿಟ್ ಫ್ಯಾಕ್ಟರ್ 4.88. ಒಂದೇ ಒಂದು ಮಿಸ್ ಎಲ್ಲ ವೇಗವನ್ನೂ ತಿಂದುಹಾಕಿತು. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲೂ ವೇಗ ಬೇಕು, ವಿಜಯ್ ಕುಮಾರ್ 2012ರಲ್ಲಿ ಬೆಳ್ಳಿ ಗೆದ್ದ ಆಟ, ಆದರೆ ಅಲ್ಲಿ 8, 6, 4 ಸೆಕೆಂಡ್ ಅಂತ ಸಮಯ ಕಟ್ಟಿಟ್ಟಿದೆ. ಇಲ್ಲಿ ಎಷ್ಟು ಬೇಗ ಹೋಗಬೇಕು ಅನ್ನುವುದನ್ನು ಪ್ರತಿ ಟಾರ್ಗೆಟ್ ಮುಂದೆಯೂ ನಾವೇ ತೀರ್ಮಾನಿಸಬೇಕು. ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದು ಅದೇ.

ಈಗಿನ ಸ್ಥಿತಿ: ಹತ್ತಿರದ ಎರಡು ಟಾರ್ಗೆಟ್‌ಗೆ ಎ ಸಲೀಸಾಗಿ ಬೀಳುತ್ತಿವೆ, ಮೂರನೆಯದಕ್ಕೆ ತಿರುಗುವಾಗ ಪೆಲೆಟ್‌ಗಳು ಎಡಕ್ಕೆ ಸಿ ಕಡೆ ಜಾರುತ್ತಿವೆ. ಸಮಯ ಹೆಚ್ಚು ತಿನ್ನುತ್ತಿರುವುದು ಮ್ಯಾಗಜಿನ್ ಬದಲಾವಣೆ. ಪೌಚ್‌ನ ಬಾಯಿ ಅರ್ಧ ಇಂಚು ತಗ್ಗಿಸಲು ಚಾಚಾ ಬಳಿ ಕೊಟ್ಟಿದ್ದೇನೆ, ಆಗ ಬೆರಳಿಗೆ ಮ್ಯಾಗಜಿನ್ ಬೇಗ ಸಿಗುತ್ತದೆ.

ಮುಂದಿನ ಕೆಲಸ ಪಾಪರ್ ಅನ್ನುವ ಬೀಳುವ ಟಾರ್ಗೆಟ್. ಹೊಡೆದಾಗ ಬೀಳಬೇಕು, ಬಿದ್ದರೆ ಮಾತ್ರ ಅಂಕ. ಅಸಲಿ ಪಂದ್ಯದಲ್ಲಿ ಅದು ಉಕ್ಕಿನದು, 7 ಮೀಟರ್‌ಗಿಂತ ಹತ್ತಿರದಿಂದ ಹೊಡೆಯುವಂತಿಲ್ಲ. ನಮ್ಮ ಜಾಗಕ್ಕೆ ಉಕ್ಕು ಬೇಡ. ತೆಳು ಪ್ಲೈವುಡ್ ಮೇಲೆ ಹಳೆಯ ಸೈಕಲ್ ಟ್ಯೂಬ್ ಅಂಟಿಸಿ, ಕೆಳಗೆ ಬಿಜಾಗರಿ ಹಾಕಿ, ಗಾಳಿಗೆ ಬೀಳದೆ ಪೆಲೆಟ್‌ಗೆ ಮಾತ್ರ ಬೀಳುವಷ್ಟು ವಾಲಿಸಿ ನಿಲ್ಲಿಸುವ ಯೋಚನೆ ಇದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ಇಂಥದ್ದು ಮಾಡಿದ್ದರೆ ಎಷ್ಟು ವಾಲಿಸಿದಿರಿ, ಪ್ಲೈ ಎಷ್ಟು ದಪ್ಪ ಅಂತ ತಿಳಿಸಿ. ಈ ವಾರದ ಕೊನೆಗೆ ಬಡಗಿ ಹತ್ತಿರ ಹೋಗುವವನಿದ್ದೇನೆ.